ಹನಾಕೊ ಹೇಳದ ಮಾತು

ಸಾಗರ
8 ಆಗಸ್ಟ್ 2025

ಪ್ರಧಾನ ತೀರ್ಪುಗಾರರಾದ ಸತ್ಯಭಾಮಾ ಮೇಡಂ ಅವರಿಗೆ,

ಮೊನ್ನೆ ಆರನೇ ತಾರೀಕು ಹೊಸನಗರದಲ್ಲಿ ನಡೆದ ಮೂರು ತಾಲ್ಲೂಕುಗಳ ಪ್ರೌಢಶಾಲಾ ಚರ್ಚಾ ಸ್ಪರ್ಧೆಯ ಫಲಿತಾಂಶದ ಬಗ್ಗೆ ಇದು ನನ್ನ ಆಕ್ಷೇಪಣೆ. ಏಳು ದಿನದೊಳಗೆ, ಕಾಗದದ ಮೇಲೆ, ಸಹಿ ಮಾಡಿ, ಪ್ರಧಾನ ತೀರ್ಪುಗಾರರ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಬೇಕೆಂದು ಸ್ಪರ್ಧೆ ನಡೆಸಿದ ನಿಮ್ಮ ಬಳಗದ ಕರಪತ್ರದಲ್ಲಿದೆ. ಹಾಗೆಯೇ ಮಾಡುತ್ತಿದ್ದೇನೆ.

'ಯುದ್ಧ ನಿಲ್ಲಿಸಲು ಅಣುಬಾಂಬ್ ಹಾಕಿದ್ದು ಸರಿಯಾಗಿತ್ತು' ಎಂಬ ವಿಷಯದಲ್ಲಿ 'ಪರ' ಮಾತಾಡಿದ ಸಾಗರದ ಹತ್ತನೇ ತರಗತಿಯ ಅಪರ್ಣಾಗೆ ನೀವು ಮೊದಲ ಬಹುಮಾನ ಕೊಟ್ಟಿರಿ. ಅವಳ ಭಾಷಣದಲ್ಲಿ ಹನಾಕೊ ಎಂಬ ಹಿರೋಷಿಮಾದ ತಾಯಿ ಬರುತ್ತಾಳೆ. 'ನನ್ನ ಹಿರಿಯ ಮಗ ಆ ಬೆಳಕಿನಲ್ಲಿ ಹೋದ. ಯುದ್ಧ ನಿಂತದ್ದರಿಂದ ಕಿರಿಯ ಮಗ ಉಳಿದ. ಆ ಬಾಂಬನ್ನು ನಾನು ಶಪಿಸಲಾರೆ' ಎಂದು ಅವಳು ಹೇಳುತ್ತಾಳೆ. ಈ ಮಾತು ಬಂದಾಗ ನಾನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಸಭೆಯನ್ನು ನೋಡಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಹನಾಕೊ ಎಂಬ ತಾಯಿ ಇಲ್ಲ. ಅವಳಿಗೆ ಇಬ್ಬರು ಮಕ್ಕಳೂ ಇಲ್ಲ. ಆ ಮಾತನ್ನು ಯಾರೂ ಹೇಳಿದ್ದಲ್ಲ. ನನಗೆ ಇದು ಗೊತ್ತಿರುವುದು ಹೇಗೆಂದರೆ, ಆ ಭಾಷಣ ಬರೆದವಳು ನಾನು.

ಸುಳ್ಳು ಸಾಕ್ಷಿಯ ಮೇಲೆ ಬಂದ ಬಹುಮಾನ ನಿಲ್ಲಬಾರದು. ಆ ಭಾಗಕ್ಕೆ ಕೊಟ್ಟ ಅಂಕ ತೆಗೆದು ಮತ್ತೊಮ್ಮೆ ತೀರ್ಪು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಸೆಪ್ಟೆಂಬರ್ 28ಕ್ಕೆ ಶಿವಮೊಗ್ಗದ ಸುತ್ತಿದೆ. ಅಲ್ಲಿ ಇನ್ನೂ ದೊಡ್ಡ ಸಭೆಯ ಮುಂದೆ ಅವಳು ಅದನ್ನೇ ಹೇಳುತ್ತಾಳೆ. ಅಷ್ಟರೊಳಗೆ ಆಗಬೇಕು.

ಇಂತಿ,
ಶ್ರೀಗೌರಿ

(ಕೆಳಗೆ ಫೋನ್ ನಂಬರ್ ಬರೆದಿದ್ದೇನೆ.)


ತೀರ್ಥಹಳ್ಳಿ
13 ಆಗಸ್ಟ್ 2025

ಶ್ರೀಗೌರಿ ಅವರಿಗೆ,

ನಿಮ್ಮ ಆಕ್ಷೇಪಣೆ ಅವಧಿಯೊಳಗೆ ತಲುಪಿದೆ. ಮೂವತ್ತೈದು ವರ್ಷ ಇತಿಹಾಸ ಪಾಠ ಹೇಳಿದ್ದೇನೆ, ಇಪ್ಪತ್ತು ವರ್ಷದಿಂದ ಈ ಸ್ಪರ್ಧೆಗೆ ತೀರ್ಪುಗಾರಳಾಗಿದ್ದೇನೆ. ಸೋತವರ ಕಡೆಯಿಂದ ಬಗೆಬಗೆಯ ದೂರು ಬಂದಿವೆ. ಗೆದ್ದ ಭಾಷಣ ತನ್ನದೇ ಎಂದು ಹೇಳಿಕೊಂಡು ಅದನ್ನು ಕೆಡವಲು ನೋಡುವ ಉಪಾಯ ಮಾತ್ರ ಹೊಸದು. ಎರಡನೇ ಬಹುಮಾನ ಪಡೆದ ಆತ್ರೇಯ ನಿಮಗೆ ಏನಾಗಬೇಕು ಎಂದು ಕೇಳಬಹುದೆ?

ನೀವು ಹೇಳಿದ್ದೇ ನಿಜವಾದರೆ ಇನ್ನೊಂದು ನಿಯಮವೂ ಮುರಿದಂತಾಯಿತು. ಭಾಷಣವನ್ನು ವಿದ್ಯಾರ್ಥಿಯೇ ಸಿದ್ಧಪಡಿಸಬೇಕು. ಆ ನಿಯಮವನ್ನು ಗಟ್ಟಿಯಾಗಿ ಹಿಡಿದರೆ ವೇದಿಕೆಯ ಮೇಲೆ ಮೈಕು ಬಿಟ್ಟು ಯಾರೂ ಉಳಿಯುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ವಾದ ಮಾಡುವವರು ದೃಷ್ಟಾಂತ ಕೊಡುವುದು ಇದ್ದದ್ದೇ. ಅಂಥ ತಾಯಿ ಇದ್ದಿರಲಾರಳು ಎಂದು ನೀವು ಹೇಗೆ ಹೇಳುತ್ತೀರಿ? ಎರಡೂವರೆ ಲಕ್ಷ ಜನರ ಊರು. ಆ ಭಾಗವನ್ನು ನಾನು ಮನೆಯಲ್ಲಿಯೂ ಹೇಳಿದ್ದೇನೆ, ಅದರಿಂದ ಒಂದು ಹಳೆಯ ವಾದವೇ ಮುಗಿದಿದೆ. ಅದನ್ನು ಹಿಂತೆಗೆದುಕೊಳ್ಳುವುದು ನೀವು ತಿಳಿದಷ್ಟು ಸುಲಭವಲ್ಲ.

ನೀವು ಯಾರು, ಆ ಹುಡುಗಿಗೆ ಏನಾಗಬೇಕು, ಯಾವ ಕಾಲೇಜಿನಲ್ಲಿ ಓದುತ್ತಿದ್ದೀರಿ ಎಂದು ತಿಳಿಸಿ. ಇಲ್ಲವಾದರೆ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯಿರಿ.

ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನಾನು ಬೇಗ ಒಪ್ಪಿಬಿಡುತ್ತೇನೆ.

ಸತ್ಯಭಾಮಾ


ಸಾಗರ
16 ಆಗಸ್ಟ್ 2025

ಮೇಡಂ,

ಆತ್ರೇಯ ನನಗೆ ಏನೂ ಆಗಬೇಕಿಲ್ಲ. ಅವನ ಮುಖವೂ ನೆನಪಿಲ್ಲ. ಅಪರ್ಣಾ ನನ್ನ ಸ್ವಂತ ತಂಗಿ.

ನಾನು ಯಾವ ಕಾಲೇಜಿನಲ್ಲೂ ಓದುತ್ತಿಲ್ಲ. ಹತ್ತೊಂಬತ್ತು ವರ್ಷ. ಸೆಕೆಂಡ್ ಪಿಯುಸಿಯಲ್ಲಿ ಬಿಟ್ಟೆ. ಫಿಸಿಕ್ಸ್ ಪ್ರಯೋಗದಲ್ಲಿ ಲೋಲಕ ತೂಗಿಸಿ ಗುರುತ್ವದ ಬೆಲೆ ಕಂಡುಹಿಡಿಯಬೇಕಿತ್ತು. ನನಗೆ 8.1 ಬಂತು. ಎಲ್ಲರಿಗೂ 9.8 ಬಂದಿತ್ತು, ಯಾಕೆಂದರೆ ಪುಸ್ತಕದಲ್ಲಿ ಹಾಗಿತ್ತು. 'ತಿದ್ದಿ ತಗೊಂಡು ಬಾ, ಸಹಿ ಹಾಕ್ತೀನಿ' ಎಂದರು ಲೆಕ್ಚರರ್. 'ನನ್ನ ದಾರದಲ್ಲಿ ತಪ್ಪಿರಬಹುದು ಸಾರ್, ಆದ್ರೆ ಬಂದಿದ್ದು ಇದೇ' ಎಂದೆ. ರೆಕಾರ್ಡಿಗೆ ಸಹಿ ಬೀಳಲಿಲ್ಲ. ಮತ್ತೆ ಹೋಗಲಿಲ್ಲ. ಅದೊಂದೇ ಕಾರಣ ಎಂದರೆ ಅದೂ ಸುಳ್ಳಾಗುತ್ತದೆ. ಒಂದು ಕಡೆ ಕೂತು ಓದುವುದು ನನ್ನಿಂದ ಆಗುತ್ತಲೂ ಇರಲಿಲ್ಲ. ಬಟ್ಟೆ ಅಂಗಡಿಗೆ ಸೇರಿದೆ. ಗಿರಾಕಿಗೆ 'ಇದರ ಬಣ್ಣ ಹೋಗುತ್ತೆ' ಎಂದದ್ದಕ್ಕೆ ಬಿಡಿಸಿದರು. ಈಗ ಬಸ್ ಸ್ಟ್ಯಾಂಡ್ ಹತ್ತಿರ ಶಿವರಾಮಣ್ಣನ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಮಕ್ಕಳಿಗೆ ಭಾಷಣವನ್ನೂ ಬರೆದುಕೊಡುತ್ತೇನೆ. ನಿಮಗೆ ಕಳಿಸಿದ ಕಾಗದವನ್ನು ಟೈಪ್ ಮಾಡುವಾಗ ಶಿವರಾಮಣ್ಣ ಓದಿ, 'ಗೆದ್ದವ್ರ ಮೇಲೆ ದೂರು ಕೊಡೋರನ್ನ ನೋಡೀನಿ ಮಾರಾಯ್ತಿ, ಗೆಲ್ಸಿದವ್ರೇ ದೂರು ಕೊಡೋದು ಇದೇ ಮೊದ್ಲು' ಎಂದರು.

ಚೀಟಿ ಎತ್ತಿದಾಗ ಅಪರ್ಣಾಗೆ 'ಪರ' ಬಂತು. ಅತ್ತಳು. ಎಲ್ಲರಿಗೂ 'ವಿರೋಧ'ವೇ ಬೇಕಿತ್ತು. ನಾನು ಎರಡು ವಾರ ಓದಿ ಬರೆದೆ. ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ಎರಡೂ ಕಡೆ ಎಷ್ಟು ಜನ ಸಾಯುತ್ತಿದ್ದರು ಎಂಬ ಬೇರೆ ಬೇರೆ ಅಂದಾಜು, ಚೀನಾದಲ್ಲಿ, ಬರ್ಮಾದಲ್ಲಿ ದಿನಾ ಸಾಯುತ್ತಿದ್ದವರು, ಎಲ್ಲ ಇತ್ತು. ಎಲ್ಲ ನಿಜ. ಅವಳ ಶಾಲೆಯ ಮೇಷ್ಟ್ರು ಓದಿಸಿ ನೋಡಿ, 'ಒಣಗಿದೆ, ಕಣ್ಣೀರು ಬರ್ಬೇಕು' ಎಂದರಂತೆ. ಅವತ್ತು ಸಂಜೆ ಒಬ್ಬರ ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿ ಇನ್ನೊಬ್ಬರದು ಕೈಗೆ ಬರುವಷ್ಟರಲ್ಲಿ ಹನಾಕೊಳನ್ನು ಬರೆದು ಮುಗಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಚೆನ್ನಾಗಿದೆ ಅಂತಲೂ ಅನಿಸಿತು. ಇದನ್ನು ಮುಚ್ಚಿಡುವುದಿಲ್ಲ.

ಬಹುಮಾನ ಬಂದ ಮರುದಿನ ಬ್ಯಾಕೋಡಿನ ಕಡೆಯ ಕೆರಿಯಮ್ಮ ಎಂಬ ಮುದುಕಿ ಅಂಗಡಿಗೆ ಬಂದರು. ಎಂಬತ್ತರ ಹತ್ತಿರ. ಮದುವೆಯಾದ ವರ್ಷವೇ ಡ್ಯಾಮಿನ ನೀರು ಬಂದು ಮನೆ ಮುಳುಗಿದವರು. ಯಾರೋ ಒಂದು ಪುಸ್ತಕಕ್ಕೆ ಅವರ ಫೋಟೊ ತೆಗೆದು, ಕೆಳಗೆ ಹಾಕುವ ಮಾತನ್ನು ತಾವೇ ಅಚ್ಚು ಮಾಡಿಸಿ ಹೆಬ್ಬೆಟ್ಟಿಗೆ ಕಳಿಸಿದ್ದರು. ಓದಿ ಹೇಳು ಎಂದು ನನ್ನ ಕೈಗೆ ಕೊಟ್ಟರು. 'ನಮ್ಮ ಮನೆ ಮುಳುಗಿದರೂ ನಾಡಿಗೆ ಬೆಳಕಾಯಿತಲ್ಲ ಎಂಬ ಸಂತೋಷ ನನಗಿದೆ' ಎಂದಿತ್ತು. ಓದಿದೆ. ಅವರು ಇನ್ನೊಂದು ಸಲ ಓದಿಸಿದರು.

'ನಾ ಎಲ್ಲಿ ಹಂಗೆ ಹೇಳೀನಿ ಮಗಾ?' ಎಂದರು. 'ನನ್ನ ಯಾರೂ ಕೇಳ್ಲೇ ಇಲ್ಲ. ನೀರು ಬಂತು, ನಾವು ಎದ್ವಿ.'

ಸಿಟ್ಟಿನಿಂದ ಹೇಳಲಿಲ್ಲ. ತನ್ನ ಕೊಡೆ ಬೇರೆಯವರ ಕೈಯಲ್ಲಿ ಕಂಡರೆ ಹೇಳುವ ಹಾಗೆ ಹೇಳಿದರು. ಆ ಸಾಲನ್ನು ಹೊಡೆದು ಹಾಕಿ ಅವರು ಹೇಳಿದ್ದನ್ನೇ ಟೈಪ್ ಮಾಡಿಕೊಟ್ಟೆ. ಕೆರಿಯಮ್ಮನ ಹತ್ತಿರವಾದರೂ ಬಂದು ಕೇಳುವ ಬಾಯಿ ಇತ್ತು. ನನ್ನ ಹನಾಕೊ ಯಾರ ಪರವಾಗಿ ಕ್ಷಮಿಸಿದಳೋ ಅವರು ಸತ್ತು ಎಂಬತ್ತು ವರ್ಷವಾಯಿತು, ಅವರು ಸಾಗರಕ್ಕೆ ಬರುವುದಿಲ್ಲ. ಬಾಂಬು ಹಾಕಿದ್ದು ಸರಿ ಎಂದು ಯಾರು ಬೇಕಾದರೂ ವಾದ ಮಾಡಲಿ. ಅದನ್ನು ಸತ್ತವರ ತಾಯಿಯ ಬಾಯಲ್ಲಿ ಹೇಳಿಸಬಾರದಿತ್ತು.

ಹಿಂದಕ್ಕೆ ಪಡೆಯುವುದಿಲ್ಲ.

ಶ್ರೀಗೌರಿ


ತೀರ್ಥಹಳ್ಳಿ
26 ಆಗಸ್ಟ್ 2025

ಶ್ರೀಗೌರಿ,

ನಿನ್ನ ವಯಸ್ಸು ತಿಳಿದ ಮೇಲೆ 'ನೀವು' ಬರೆಯಲು ಕೈ ಬರುವುದಿಲ್ಲ. ತಡವಾಗಿ ಉತ್ತರಿಸುತ್ತಿದ್ದೇನೆ. ನಾಳೆ ಚೌತಿ, ಮನೆಯಲ್ಲಿ ಕೆಲಸ ಎಂದು ಬರೆಯಲು ಹೊರಟಿದ್ದೆ. ನಿನ್ನ ಕಾಗದ ಓದಿದ ಮೇಲೆ ಹಾಗೆ ಬರೆಯಲು ನಾಚಿಕೆಯಾಯಿತು. ಕೆಲಸ ಇತ್ತು ನಿಜ, ಆದರೆ ಹತ್ತು ದಿನದ್ದಲ್ಲ.

ಕನ್ನಡಕ ಒರೆಸಿಕೊಂಡವರು ಇಬ್ಬರಲ್ಲ, ಮೂವರು. ನಾನು ವೇದಿಕೆಯ ಪಕ್ಕ ಕೂತಿದ್ದರಿಂದ ನಿನಗೆ ಕಾಣಲಿಲ್ಲ.

ನನ್ನ ಗಂಡ ಸುಬ್ಬಕೃಷ್ಣ ಗಣಿತದ ಮೇಷ್ಟ್ರಾಗಿದ್ದವರು. 1979ರಲ್ಲಿ ನಾವಿಬ್ಬರೂ ಒಂದೇ ಹೈಸ್ಕೂಲಿಗೆ ಹೊಸಬರು. ಶಿಕ್ಷಕರ ದಿನಕ್ಕೆ ಮೇಷ್ಟ್ರುಗಳಿಗೇ ಒಂದು ಚರ್ಚೆ ಇಟ್ಟರು. ಇದೇ ವಿಷಯ. ಅವರು ಪರ, ನಾನು ವಿರೋಧ. ಅವತ್ತು ತೀರ್ಮಾನವಾಗಲಿಲ್ಲ. ಮದುವೆಯಾದ ಮೇಲೂ ಆಗಲಿಲ್ಲ. ಅವರು ಹೇಳುವುದು: 'ಮಾರ್ಚ್ ತಿಂಗಳಲ್ಲಿ ಟೋಕಿಯೊ ಮೇಲೆ ಮಾಮೂಲಿ ಬಾಂಬು ಹಾಕಿ ಒಂದೇ ರಾತ್ರಿ ಹತ್ತಿರ ಹತ್ತಿರ ಲಕ್ಷ ಜನರನ್ನ ಸುಟ್ರಲ್ಲ, ಅದಕ್ಕೆ ಯಾಕೆ ಯಾರೂ ಚರ್ಚಾ ಸ್ಪರ್ಧೆ ಇಡಲ್ಲ? ಸಾವು ನಿಲ್ಲಬೇಕಿತ್ತು, ನಿಂತಿತು.' ನಾನು ಹೇಳುವುದು: 'ಮೂರು ದಿನದ ಮೇಲೆ ಕಾಯ್ಲಿಲ್ಲವಲ್ರೀ. ಮೊದಲನೇದರ ಹೊಗೆ ಆರೋ ಮೊದ್ಲೇ ಎರಡನೇದು. ಅದು ಯುದ್ಧ ನಿಲ್ಸೋ ಅವಸರವಾ, ಪ್ರಯೋಗ ಮಾಡೋ ಅವಸರವಾ?' ನಲವತ್ತಾರು ವರ್ಷ ನಮ್ಮ ಮಧ್ಯಾಹ್ನದ ಊಟಕ್ಕೆ ಇದೇ ಉಪ್ಪಿನಕಾಯಿ. ಮಕ್ಕಳು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು.

ಆರನೇ ತಾರೀಕು ಮನೆಗೆ ಬಂದವಳು ಹನಾಕೊಳ ಮಾತನ್ನು ಅವರಿಗೆ ಹೇಳಿದೆ. 'ಅಲ್ಲೇ ಇದ್ದ ತಾಯಿಯೇ ಶಪಿಸದಿದ್ದರೆ ತೀರ್ಥಹಳ್ಳಿಯಲ್ಲಿ ಕೂತು ಶಪಿಸಲು ನಾನು ಯಾರು? ನೀವು ಗೆದ್ರಿ' ಎಂದೆ. ಜೀವನದಲ್ಲಿ ಮೊದಲ ಸಲ. ಅವರು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡರು.

ನಿನ್ನ ಮೊದಲ ಕಾಗದಕ್ಕೆ ನಾನು ಒರಟಾಗಿ ಉತ್ತರ ಬರೆದದ್ದು ಇದಕ್ಕೆ. ಬಹುಮಾನಕ್ಕಿಂತ ದೊಡ್ಡದನ್ನು ನಾನು ಆ ತಾಯಿಯ ಮಾತಿಗೆ ಕೊಟ್ಟಾಗಿತ್ತು. ಆಕ್ಷೇಪಣೆ ಇದೆ ಎಂದು ಅವರಿಗೆ ಇನ್ನೂ ಹೇಳಿಲ್ಲ.

ಈಗ ನಿನ್ನ ಸಂಗತಿ. ಎರಡು ಕಾಗದಗಳನ್ನು ಮುಂದಿಟ್ಟುಕೊಂಡು ಹುಡುಕಿದೆ. ಒಂದು ಸಾಲು ಎಲ್ಲೂ ಸಿಗಲಿಲ್ಲ. ನಿನ್ನ ತಂಗಿಗೆ ಇದು ಗೊತ್ತೆ? ಪರಿಚಯವೇ ಇಲ್ಲದ ನನಗೆ ಹೇಳಿದೆ, ಅಂಗಡಿಯ ಶಿವರಾಮ ಓದಿದ್ದಾರೆ. ವೇದಿಕೆಯ ಮೇಲೆ ನಿಂತು ಆ ಮಾತು ಹೇಳಿದ ಮಗುವಿಗೆ ಹೇಳಿದ್ದೀಯಾ? ಅವಳಿಗೆ ಗೊತ್ತಾಗುವ ಮೊದಲು ನಾನು ತೀರ್ಪು ಬದಲಿಸುವುದಿಲ್ಲ.

ಸತ್ಯಭಾಮಾ


ಸಾಗರ
1 ಸೆಪ್ಟೆಂಬರ್ 2025

ಮೇಡಂ,

ಹೇಳಿಲ್ಲ.

ಚೌತಿಗೆ ನೆಂಟರು ಇದ್ದರು. ಆಮೇಲೆ ಅವಳಿಗೆ ಜ್ವರ ಬಂತು. ಜ್ವರ ಇದ್ದದ್ದು ಒಂದೇ ದಿನ. ಉಳಿದ ದಿನಗಳಿಗೆ ನನ್ನ ಹತ್ತಿರ ನೆಪವಿಲ್ಲ.

ನಿಮಗೆ ಬರೆಯುವುದು ಸುಲಭವಿತ್ತು. ನೀವು ನನ್ನನ್ನು ನೋಡಿಲ್ಲ. ಅವಳು ಹುಟ್ಟಿದಾಗಿನಿಂದ ನೋಡುತ್ತಿದ್ದಾಳೆ. ಮನೆಯಲ್ಲಿ ಏನಾದರೂ ಅನುಮಾನ ಬಂದರೆ 'ಅಕ್ಕನ್ನ ಕೇಳಿ, ಅದು ಸುಳ್ಳು ಹೇಳ್ತಿಲ್ಲೆ' ಎನ್ನುವವಳು ಅವಳು. ಊರಿನಲ್ಲಿ ಓದು ಬಿಟ್ಟ ಹುಡುಗಿ ಎಂದು ಎಲ್ಲರೂ ಅಂದಾಗ ಅವಳೊಬ್ಬಳೇ ಅನ್ನಲಿಲ್ಲ. ನನಗೆ ಇರುವ ಹೆಸರು ಅದೊಂದು, ಅದೂ ಅವಳ ಬಾಯಲ್ಲಿ.

ನೀವೇ ತೀರ್ಪು ಬದಲಿಸಿ ಕಾಗದ ಕಳಿಸಿದರೆ ಆಗುವುದಿಲ್ಲವೆ?

ಶ್ರೀಗೌರಿ


ತೀರ್ಥಹಳ್ಳಿ
4 ಸೆಪ್ಟೆಂಬರ್ 2025

ಶ್ರೀಗೌರಿ,

ಆಗುವುದಿಲ್ಲ. ನಾನೂ ಇವರಿಗೆ ಇನ್ನೂ ಹೇಳಿಲ್ಲ. ಇಬ್ಬರೂ ಈ ಭಾನುವಾರದೊಳಗೆ ಹೇಳೋಣ.

ಸತ್ಯಭಾಮಾ


ಸಾಗರ
8 ಸೆಪ್ಟೆಂಬರ್ 2025

ಮೇಡಂ,

ಹೇಳಿದೆ.

ನಿನ್ನೆ ಗ್ರಹಣ. ಹನ್ನೆರಡೂವರೆಗೇ ಊಟ ಮುಗಿಸಿ ಪಾತ್ರೆ ತೊಳೆದಿಟ್ಟಾಗಿತ್ತು. ಇನ್ನು ಬೆಳಗಿನವರೆಗೆ ಒಲೆ ಹಚ್ಚುವಂತಿಲ್ಲ, ಮಾಡಲು ಕೆಲಸವಿಲ್ಲ. ಅಪರ್ಣಾ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಶಿವಮೊಗ್ಗದ ಸುತ್ತಿಗೆ ಭಾಷಣ ಹೇಳಿಕೊಳ್ಳುತ್ತಿದ್ದಳು. ಆ ಸಾಲಿಗೆ ಬಂದಳು. ಅಲ್ಲಿ ಯಾವಾಗಲೂ ಅವಳ ಧ್ವನಿ ಇಳಿಯುತ್ತದೆ. ಚೆನ್ನಾಗಿ ಅಭ್ಯಾಸ ಮಾಡಿದ್ದಾಳೆ ಎಂದು ಇಷ್ಟು ದಿನ ತಿಳಿದಿದ್ದೆ.

ನಿಮಗೆ ಬರೆಯದ ಇನ್ನೊಂದು ವಿಷಯವಿದೆ. ಜುಲೈನಲ್ಲಿ ಅವಳು, 'ಹನಾಕೊನ ಕಿರಿ ಮಗ ಎಂತ ಆದ?' ಎಂದು ಕೇಳಿದ್ದಳು. 'ರೈಲ್ವೆಯಲ್ಲಿ ಕೆಲಸ ಸಿಕ್ಕಿತು' ಎಂದೆ. ಯೋಚಿಸದೆ, ತಕ್ಷಣ. ಭಾಷಣಕ್ಕಾದರೆ ಒಂದು ನೆಪ ಇತ್ತು. ಇದಕ್ಕೆ ಅದೂ ಇರಲಿಲ್ಲ. ನಾನು ಹೇಳದೆ ತಿಂಗಳು ಕಳೆದದ್ದು ಈ ರೈಲ್ವೆಯ ಹೆದರಿಕೆಗೆ.

ನಮ್ಮ ಮನೆ ಮಾತಿನಲ್ಲೇ ಬರೆಯುತ್ತೇನೆ, ಬೇರೆ ಹಾಗೆ ಬರೆದರೆ ಸರಿಯಾಗುವುದಿಲ್ಲ.

'ಅಪ್ಪಿ, ಹನಾಕೊ ಇಲ್ಲೆ' ಎಂದೆ.

'ಸತ್ತೋತಾ?'

'ಸತ್ತಿದ್ದಲ್ಲ. ಹುಟ್ಟಿದ್ದೇ ಇಲ್ಲೆ. ಅದು ನಾ ಬರದ್ದು.'

'ಕಿರಿ ಮಗ? ರೈಲ್ವೆ?'

'ಅದೂ.'

ಕಾಗದ ಮಡಚಿದಳು. ಮತ್ತೆ ಬಿಡಿಸಿದಳು. 'ಹಂಗಾರೆ ಯಾವ ಅಮ್ಮನೂ ಹಂಗೆ ಹೇಳಿದ್ದೇ ಇಲ್ಯಾ?' ಎಂದು ಕೇಳಿದಳು.

ಇಲ್ಲ ಎಂದುಬಿಡಬಹುದಿತ್ತು. 'ಯಾರಾದ್ರೂ ಹೇಳಿದ್ವೇನೋ, ನಂಗೆ ಗೊತ್ತಿಲ್ಲೆ. ನಾ ಓದಿದ್ರಲ್ಲಿ ಯಾರೂ ಸಿಕ್ಕಿದ್ದಿಲ್ಲೆ' ಎಂದೆ.

ಅವಳು ಮೆಟ್ಟಿಲ ಮೇಲೆ ಕೂತು, 'ಅಬ್ಬಾ' ಎಂದಳು. ಜ್ವರ ಬಿಟ್ಟಾಗ ಅಂದ ಹಾಗೆ.

ಅಳುತ್ತಾಳೆ, ಕಾಗದ ಹರಿಯುತ್ತಾಳೆ, ಅಮ್ಮನನ್ನು ಕರೆಯುತ್ತಾಳೆ, ಎಲ್ಲ ಎಣಿಸಿದ್ದೆ. ಇದನ್ನು ಎಣಿಸಿರಲಿಲ್ಲ. ಅವಳು ಹೇಳಿದ್ದು ಇಷ್ಟು: 'ಅದನ್ನ ಹೇಳಕಾದ್ರೆ ದಿನಾ ನಂಗೆ ಎಂತೋ ಆಗ್ತಿತ್ತು. ನಾನೇ ಹಂಗೆ ಸುಟ್ಟು ಹೋಗಿದ್ರೆ, ದೊಡ್ಡ ಮಗಳು ಉಳತ್ತಲ ಹೇಳಿ ನಮ್ಮನೆ ಅಮ್ಮ ಸಮಾಧಾನ ಮಾಡ್ಕತ್ತಿತ್ತಾ? ಆ ಅಮ್ಮಂಗೆ ಸಮಾಧಾನ ಮಾಡ್ಕಂಬಲೆ ಆತು, ನಂಗೇ ಅರ್ಥ ಆಗ್ತಿಲ್ಲೆ, ನಾನೇ ಸಣ್ಣ ಮನಸ್ಸಿನವ್ಳು ಅಂದ್ಕಂಡಿದ್ದಿ.'

ಧ್ವನಿ ಇಳಿಯುತ್ತಿದ್ದದ್ದು ಅಭ್ಯಾಸದಿಂದ ಅಲ್ಲ, ಮೇಡಂ.

ಅಷ್ಟಕ್ಕೆ ನಿಂತಿದ್ದರೆ ಒಳ್ಳೆಯದಿತ್ತು. ನಿಮಗೆ ಆಗಸ್ಟ್ ಎಂಟರಂದೇ ಬರೆದಿದ್ದೇನೆ ಎಂದೂ ಹೇಳಿದೆ. ಅವಳು ಎದ್ದು ನಿಂತಳು. 'ತೀರ್ಥಹಳ್ಳಿ ಟೀಚರಿಗೆ ತಿಂಗಳ ಹಿಂದೆ. ನಂಗೆ ಇವತ್ತು' ಎಂದು ಒಳಗೆ ಹೋದಳು. ಇವತ್ತು ಬೆಳಿಗ್ಗೆ ತಿಂಡಿಗೂ ನನ್ನ ಹತ್ತಿರ ಮಾತಾಡಲಿಲ್ಲ. ಅಮ್ಮನಿಗೂ ಗೊತ್ತಾಗಿದೆ. 'ಗೆದ್ದ ಶೀಲ್ಡ್ ವಾಪಸ್ ಕೊಟ್ರೆ ಕೇಳಿದವಕ್ಕೆ ನಾವು ಎಂತ ಹೇಳವು?' ಎಂದು ಅಮ್ಮ. 'ಸುಳ್ಳಾಗಿತ್ತು ಹೇಳಿ ಹೇಳು' ಎಂದು ಒಳಗಿನಿಂದ ಅಪರ್ಣಾ. ಅವಳು ನನಗೆ ಕೇಳುವ ಹಾಗೆ ಹೇಳಿದ್ದು ಅದೊಂದೇ.

ಈಗ ತೀರ್ಪು ಕೊಡಿ.

ಶ್ರೀಗೌರಿ


ತೀರ್ಥಹಳ್ಳಿ
13 ಸೆಪ್ಟೆಂಬರ್ 2025

ಶ್ರೀಗೌರಿ,

ಬಳಗದ ಮೊಹರು ಇರುವ ತೀರ್ಪಿನ ಪ್ರತಿ ಇದರ ಜೊತೆಗಿದೆ. ಉಳಿದ ಇಬ್ಬರು ತೀರ್ಪುಗಾರರೂ ಸಹಿ ಮಾಡಿದ್ದಾರೆ. ಆಕ್ಷೇಪಣೆಯನ್ನು ಎತ್ತಿ ಹಿಡಿದಿದ್ದೇವೆ. ವಿಷಯಕ್ಕೆ ಕೊಟ್ಟಿದ್ದ ಅಂಕಗಳನ್ನು ತೆಗೆದಿದ್ದೇವೆ. ಮೊದಲ ಸ್ಥಾನವೂ ಶಿವಮೊಗ್ಗದ ಸುತ್ತೂ ಆತ್ರೇಯನಿಗೆ. ಅಪರ್ಣಾ ಮೂರನೆಯವಳು. ಅದು ದಯೆಯಿಂದ ಕೊಟ್ಟದ್ದಲ್ಲ. ಧ್ವನಿ, ನಿಲುವು, ಎದುರಾಳಿಯ ಪ್ರಶ್ನೆಗೆ ನಿಂತಲ್ಲೇ ಕೊಟ್ಟ ಉತ್ತರ ಅವಳದೇ, ನೀನು ಬರೆದುಕೊಟ್ಟದ್ದಲ್ಲ. ಮೂವರು ಹಿರಿಯರು ಕೂತಿದ್ದೆವು. 'ಈ ತಾಯಿ ನಿನಗೆ ಎಲ್ಲಿ ಸಿಕ್ಕಳಮ್ಮ' ಎಂದು ಒಬ್ಬರೂ ಕೇಳಲಿಲ್ಲ ಎಂಬುದನ್ನೂ ತೀರ್ಪಿನಲ್ಲಿ ಬರೆಸಿದ್ದೇನೆ. ಇನ್ನು ಮುಂದೆ ಸಾಕ್ಷಿ ಹೇಳಿದವರ ಹೆಸರು, ಎಲ್ಲಿ ಹೇಳಿದ್ದು, ಎರಡನ್ನೂ ಕೊಡಬೇಕು.

ಭಾನುವಾರದ ಮಾತನ್ನು ನಾನೂ ಉಳಿಸಿಕೊಂಡೆ. ಅವತ್ತು ನಮ್ಮಲ್ಲೂ ಬೇಗ ಊಟ. ಇವರು ತಲೆ ಎತ್ತದೆ ಉಣ್ಣುತ್ತಿದ್ದರು. ಗೆದ್ದ ದಿನದಿಂದ ಹಾಗೆಯೇ. ನಾನು ಒಪ್ಪಿಕೊಂಡ ಮೇಲೆ ನಮಗೆ ಊಟದ ಹೊತ್ತಿಗೆ ಮಾತೇ ಇರಲಿಲ್ಲ. ಸಾರಿಗೆ ಉಪ್ಪು ಸರಿಯಿದೆಯೆ, ಔಷಧಿ ತಗೊಂಡಿರಾ, ಅಷ್ಟೇ. ಗೆದ್ದದ್ದು ಅವರಿಗೆ ಹಿತವಾಗಿದೆ, ಮೆಲುಕು ಹಾಕುತ್ತಿದ್ದಾರೆ ಎಂದು ನಾನು ತಿಳಿದಿದ್ದೆ.

'ಆ ಜಪಾನಿನ ತಾಯಿ ಇಲ್ಲವಂತೆ ರೀ. ಸಾಗರದ ಹುಡುಗಿಯೊಬ್ಬಳು ಕಟ್ಟಿದ್ದಂತೆ' ಎಂದೆ.

ಕೈ ಎಲೆಯ ಮೇಲೇ ನಿಂತಿತು. 'ಹಾಗಾದ್ರೆ ನೀನು ಸೋತಿಲ್ಲ' ಎಂದರು.

'ಇಲ್ಲ.'

'ಸದ್ಯ' ಎಂದರು. 'ನಲವತ್ತಾರು ವರ್ಷ ನಾನು ಹೇಳಿದ್ದು ಒಂದೂ ನಿನಗೆ ಹಿಡಿಸ್ಲಿಲ್ಲ, ಯಾವಳೋ ಒಬ್ಬಳು ಬಂದು ಮೂರು ಸಾಲು ಹೇಳಿದ್ಲು, ಒಪ್ಪಿಬಿಟ್ಟೆ. ನನಗೆಷ್ಟು ಅವಮಾನ ಆಗಿತ್ತು ಗೊತ್ತಾ? ನನ್ನ ವಾದಕ್ಕೆ ಅವಳು ಬೇಡ. ಈಗ ಹೇಳು, ಆ ಮೂರು ದಿನದ ಮೇಲೆ ಇನ್ನೂ ಕಾದಿದ್ರೆ ಶರಣಾಗ್ತಿದ್ರು ಅನ್ನೋಕೆ ನಿನ್ನ ಹತ್ರ ಏನಿದೆ?'

ಗ್ರಹಣ ಹಿಡಿಯುವವರೆಗೂ ವಾದ ಮಾಡಿದೆವು. ನನಗೆ ಗಂಟಲು ಕಟ್ಟಿದೆ. ಮನಸ್ಸು ಬಹಳ ಹಗುರಾಗಿದೆ.

ನಿನ್ನ ತಂಗಿಯ ಬಗ್ಗೆ ನಾನು ಏನು ಹೇಳಲಿ? ಅವಳ ಸಿಟ್ಟು ನ್ಯಾಯವಾದದ್ದು. ಅದನ್ನು ಕಡಿಮೆ ಮಾಡಲು ಏನೂ ಬರೆದುಕೊಡಬೇಡ.

ಶೀಲ್ಡನ್ನು ಹೊಸನಗರದ ಬಳಗದ ಕಚೇರಿಗೆ ಒಪ್ಪಿಸಿದರೆ ಸಾಕು.

ಸತ್ಯಭಾಮಾ


ಸಾಗರ
21 ಸೆಪ್ಟೆಂಬರ್ 2025

ಸತ್ಯಭಾಮಾ ಮೇಡಂ,

ನಿನ್ನೆ ಶನಿವಾರ ಶೀಲ್ಡ್ ಒಪ್ಪಿಸಿ ಬಂದೆವು. ಒಬ್ಬಳೇ ಹೋಗುವವಳಿದ್ದೆ. ನಾನು ಚಪ್ಪಲಿ ಹಾಕುವಾಗ ಅಪರ್ಣಾ ಶಾಲೆಯಿಂದ ಬಂದಳು. ಚೀಲ ಇಟ್ಟು, 'ಗೆದ್ದಿದ್ದು ನಾನು. ವಾಪಸ್ ಕೊಡದೂ ನಾನೇ' ಎಂದು ಶೀಲ್ಡ್ ಎತ್ತಿಕೊಂಡು ಮುಂದೆ ನಡೆದಳು.

ಈ ಎರಡು ವಾರ ನಮ್ಮ ಮನೆ ಹೇಗಿತ್ತು ಎಂದು ಹೇಳಬೇಕು. ಮೂರನೇ ದಿನಕ್ಕೆ ಅವಳು ಮಾತಾಡಲು ಶುರು ಮಾಡಿದಳು. ಆದರೆ ನಾನು ಏನು ಹೇಳಿದರೂ, 'ನಿಜವಾ, ಬರದ್ದಾ?' ಎಂದು, ಅದನ್ನೂ ನಾನೇ ಬರೆದು ಕಟ್ಟಿದ್ದೋ ಎನ್ನುವ ಹಾಗೆ, ಕೇಳುತ್ತಿದ್ದಳು. ಅನ್ನ ಆಗಿದೆ ಎಂದರೆ 'ನಿಜವಾ, ಬರದ್ದಾ?' ಅಪ್ಪ ಪೇಟೆಗೆ ಹೋದ ಎಂದರೆ 'ನಿಜವಾ, ಬರದ್ದಾ?' ಮೊದಲು ಅಮ್ಮ ನಕ್ಕಳು. ಆಮೇಲೆ ನಗುವುದು ಬಿಟ್ಟಳು. ನಾನು ಪ್ರತಿ ಸಲವೂ 'ನಿಜ' ಎಂದೆ. ಅವಳು ಪ್ರತಿ ಸಲವೂ ಎದ್ದು ಹೋಗಿ ನೋಡಿ ಬಂದಳು, ಅನ್ನದ ಪಾತ್ರೆಯನ್ನೂ. ನೀವು ಹೇಳಿದಂತೆ ಏನೂ ಬರೆದುಕೊಡಲಿಲ್ಲ.

ಹೊಸನಗರದ ಕಚೇರಿಯಲ್ಲಿ ನಿಂಗಪ್ಪ ಎಂಬವರು ಒಬ್ಬರೇ ಇದ್ದರು. ಬಾಗಿಲು ತೆಗೆಯುವವರು ಅವರೇ, ಮೈಕು ಕಟ್ಟುವವರೂ ಅವರೇ. ಶೀಲ್ಡ್ ನೋಡಿ, 'ಹೆಸರು ತಪ್ಪು ಕೆತ್ಯಾರಾ?' ಎಂದರು.

'ಇಲ್ಲ ಮಾಮ, ವಾಪಸ್ ಕೊಡಾಕೆ ಬಂದೀವಿ' ಎಂದಳು ಅಪರ್ಣಾ.

'ವಾಪಸ್ಸಾ? ಕೊಟ್ಟಿದ್ದಕ್ಕೆ ಸಹಿ ಹಾಕ್ಸೋ ಬುಕ್ಕೈತಿ. ವಾಪಸ್ ತಗೊಳ್ಳೋದಕ್ಕೆ ಯಾವ್ದೂ ಇಲ್ವಲ್ಲ ತಾಯಿ. ಯಾರೂ ಕೊಟ್ಟೇ ಇಲ್ಲ' ಎಂದು ಬೀರುವನ್ನೆಲ್ಲ ಹುಡುಕಿದರು. ಕೊನೆಗೆ ಒಂದು ಬಿಳಿ ಹಾಳೆ ಕೊಟ್ಟು, ನೀನೇ ಏನಾದರೂ ಬರೆದು ಸಹಿ ಮಾಡಿಕೊಡು ಎಂದರು. ಅಪರ್ಣಾ ನನ್ನ ಕಡೆ ನೋಡಲೂ ಇಲ್ಲ. ತಾನೇ ಬರೆದಳು: 'ಈ ಶೀಲ್ಡ್ ನನಗೆ ಬಂದದ್ದು ಒಬ್ಬ ತಾಯಿ ಹೇಳಿದಳೆಂದು ನಾನು ಹೇಳಿದ ಮಾತಿಗೆ. ಆ ಮಾತನ್ನು ಯಾರೂ ಹೇಳಿಲ್ಲವೆಂದು ತಿಳಿದದ್ದರಿಂದ ವಾಪಸ್ ಕೊಟ್ಟಿದ್ದೇನೆ.' ನಾನಾಗಿದ್ದರೆ ಅರ್ಧ ಪುಟ ಬರೆಯುತ್ತಿದ್ದೆ. ನಿಂಗಪ್ಪ ಓದಿ, 'ಈ ಹುಡುಗಿಗೇ ಶೀಲ್ಡ್ ಕೊಡ್ಬೇಕಿತ್ತು' ಎಂದು ಶೀಲ್ಡನ್ನು ಬೀರುವಿನೊಳಗೆ ಇಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಈ ಕಡೆ ನಾನು. ಬಟ್ಟೆಮಲ್ಲಪ್ಪ ಎಂಬ ಊರು ದಾಟಿತು. ಆಮೇಲೆ ತಾನಾಗಿಯೇ ಕೇಳಿದಳು, 'ನೀ ಅಷ್ಟೆಲ್ಲ ಓದಿದ್ಯಲೆ. ಭಾಷಣಕ್ಕೆ ಹಾಕ್ದೇ ಬಿಟ್ಟಿದ್ದು ಎಂತಾದ್ರೂ ಇದ್ದಾ?'

ಇತ್ತು. ಹೇಳಿದೆ. ಎರಡನೇ ಬಾಂಬನ್ನು ಹಾಕಬೇಕಿದ್ದದ್ದು ನಾಗಸಾಕಿಗೆ ಅಲ್ಲ, ಕೊಕುರಾ ಎಂಬ ಇನ್ನೊಂದು ಊರಿಗೆ. ವಿಮಾನ ಅಲ್ಲಿಗೆ ಹೋಗಿ ಮೂರು ಸಲ ಸುತ್ತಿತು. ಮೋಡವೋ ಹೊಗೆಯೋ ಮುಸುಕಿತ್ತು, ಕೆಳಗೆ ಏನೂ ಕಾಣಲಿಲ್ಲ. ಅಲ್ಲಿಂದ ನಾಗಸಾಕಿಗೆ ಹೋದರು. 'ಇದು ಪರದವರಿಗೂ ಉಪಯೋಗಕ್ಕೆ ಬರ್ತಿತ್ತಿಲ್ಲೆ, ವಿರೋಧದವರಿಗೂ ಬರ್ತಿತ್ತಿಲ್ಲೆ. ಅದ್ಕೆ ಬಿಟ್ಟಿದ್ದಿ' ಎಂದೆ.

ಹೇಳಿ ಮುಗಿಸಿ, ಅವಳು ಈಗ ಕೇಳುತ್ತಾಳೆ ಎಂದು ಕಾದೆ. 'ನಿಜ' ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು.

ಅವಳು ಕಿಟಕಿಯ ಹೊರಗೆ ನೋಡಿದಳು. 'ಅವತ್ತು ಕೊಕುರಾದಲ್ಲಿ ಮೋಡ ಹೇಳಿ ಬೈಕಂಡವ್ಳೂ ಒಬ್ಳು ಇದ್ದಿಕ್ಕು ಅಲ್ದಾ, ಬಟ್ಟೆ ಒಣಗ್ತಿಲ್ಲೆ ಹೇಳಿ' ಎಂದಳು.

'ಇದ್ದಿಕ್ಕು. ನಂಗೆ ಗೊತ್ತಿಲ್ಲೆ' ಎಂದೆ.

'ನಂಗೂ ಗೊತ್ತಿಲ್ಲೆ' ಎಂದು ನನ್ನ ಕಡೆ ಸರಿದು ಕೂತಳು. ಸಾಗರದವರೆಗೂ 'ನಿಜವಾ, ಬರದ್ದಾ?' ಎಂದು ಕೇಳಲೇ ಇಲ್ಲ.

ನಿಮ್ಮ
ಶ್ರೀಗೌರಿ